ಮನೆಯಲ್ಲೇ ನಾಯಿ ಮರಿ ಹಾಕುವಾಗ: ಕೈಗಿಂತ ಗಡಿಯಾರಕ್ಕೆ ಕೆಲಸ ಜಾಸ್ತಿ

ನಮ್ಮ ಕೆಂಚಿ ಒಣಮೀನು ಮೂಸಿ ನೋಡಿ ಮುಖ ತಿರುಗಿಸಿದ್ದು ನಾನು ಕಂಡಂತೆ ಎರಡೇ ಸಲ. ಎರಡೂ ಸಲ ಮಾರನೇ ದಿನ ಬೆಳಗಾಗುವುದರೊಳಗೆ ಮರಿ ಹಾಕಿದ್ದಳು. ಮೊದಲ ಸಲ ನಮಗೆ ಗೊತ್ತಾಗಲಿಲ್ಲ. ಹೊಟ್ಟೆ ಕೆಟ್ಟಿರಬೇಕು ಅಂದುಕೊಂಡು ಸುಮ್ನಿದ್ದೆವು. ತೀರ್ಥಹಳ್ಳಿ ಕಡೆಯ ಜುಲೈ ಮಳೆ, ಕರೆಂಟ್ ಹೋಗಿ ಎರಡು ದಿನ ಆಗಿತ್ತು. ಕತ್ತಲಾದ ಮೇಲೆ ಬಚ್ಚಲೊಲೆಯ ಹಿಂದೆ ಏನೋ ಕೆರೆಯುವ ಸದ್ದು ಬಂತು. ಹೋಗಿ ನೋಡಿದರೆ ಬೂದಿಯ ಮೇಲೆ ಗುಂಡಿ ತೋಡಿಕೊಂಡು ಮಲಗಿದ್ದಾಳೆ, ಏದುಸಿರು ಬಿಡುತ್ತಿದ್ದಾಳೆ.

ಆ ರಾತ್ರಿ ಮಾಡಿದ ತಪ್ಪುಗಳನ್ನು ಎರಡನೇ ಬಾಣಂತನದಲ್ಲಿ ತಿದ್ದಿಕೊಂಡೆವು. ನಡುವೆ ಡಾಕ್ಟರ ಹತ್ತಿರ ಸಾಕಷ್ಟು ಬೈಸಿಕೊಂಡದ್ದೂ ಆಯಿತು. ಆರೋಗ್ಯವಾಗಿರುವ ನಾಡನಾಯಿ ಹೆಚ್ಚಿನ ಸಲ ತನ್ನ ಕೆಲಸ ತಾನೇ ಮುಗಿಸಿಕೊಳ್ಳುತ್ತದೆ. ನಮಗೆ ಉಳಿಯುವುದು ಬೆಚ್ಚಗಿಡುವುದು, ಗಡಿಯಾರ ನೋಡಿ ಬರೆದಿಡುವುದು, ಯಾವಾಗ ಫೋನ್ ಮಾಡಬೇಕು ಅಂತ ತಿಳಿದಿರುವುದು. ಇಷ್ಟನ್ನು ಸರಿಯಾಗಿ ಮಾಡಿದರೆ ಕೈ ಹಾಕುವ ಪ್ರಸಂಗ ಬರುವುದೇ ಕಮ್ಮಿ.

ಈ ಮಾತು ಎಲ್ಲ ಜಾತಿಗೂ ಅಲ್ಲ. ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್, ಪಗ್‌ನಂಥ ಚಪ್ಪಟೆ ಮೂತಿಯವುಗಳಲ್ಲಿ ಮರಿಯ ತಲೆ ದೊಡ್ಡದು, ತಾಯಿಯ ಸೊಂಟ ಸಣ್ಣದು. ಅವುಗಳಿಗೆ ಎಷ್ಟೋ ಸಲ ಸಿಸೇರಿಯನ್ನೇ ಬೇಕಾಗುತ್ತದೆ. ಚಿಹುವಾಹುವಾದಂಥ ಪುಟ್ಟ ನಾಯಿಗಳಲ್ಲೂ ತೊಂದರೆ ಜಾಸ್ತಿ. ಅಂಥ ನಾಯಿ ಸಾಕಿದ್ದರೆ ಮನೆಯಲ್ಲೇ ನೋಡೋಣ ಅನ್ನಬೇಡಿ. ದಿನ ಹತ್ತಿರ ಬರುವ ಮೊದಲೇ ಡಾಕ್ಟರ ಹತ್ತಿರ ಮಾತಾಡಿಟ್ಟುಕೊಳ್ಳಿ.

ದಿನ ಎಣಿಸುವುದು

ನಾಯಿಗೆ ಸುಮಾರು 63 ದಿನ. ಅಂದರೆ ಒಂಬತ್ತು ವಾರ. ಆದರೆ ಕೂಡಿದ ದಿನದಿಂದ ಎಣಿಸಿದರೆ 58ರಿಂದ 68ರವರೆಗೆ ಹಿಂದೆಮುಂದೆ ಆಗಬಹುದು. ಗಂಡಿನ ವೀರ್ಯ ಹೆಣ್ಣಿನ ಹೊಟ್ಟೆಯೊಳಗೆ ಹಲವು ದಿನ ಬದುಕಿರುತ್ತದೆ, ಹಾಗಾಗಿ ಕೂಡಿದ ದಿನವೇ ಗಬ್ಬ ನಿಂತ ದಿನ ಆಗಬೇಕಿಲ್ಲ. ಬೀದಿ ಗಂಡುಗಳು ವಾರವಿಡೀ ಬೇಲಿ ಹಾರಿ ಬಂದಿದ್ದರಂತೂ ಲೆಕ್ಕ ಇನ್ನೂ ಸಡಿಲ. ಆದರೂ ಮೊದಲ ದಿನ, ಕೊನೆಯ ದಿನ ಎರಡನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಗಬ್ಬ ನಿಂತಿದೆಯೋ ಇಲ್ಲವೋ ಅಂತ 25–30 ದಿನ ಕಳೆದ ಮೇಲೆ ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗುತ್ತದೆ. ಮರಿ ಎಷ್ಟಿವೆ ಅಂತ ಎಣಿಸಲು ಮಾತ್ರ ಎಕ್ಸ್‌ರೇ ಬೇಕು, ಅದೂ 55 ದಿನ ದಾಟಿದ ಮೇಲೆ. ಆಗಷ್ಟೇ ಮರಿಗಳ ಮೂಳೆ ಗಟ್ಟಿಯಾಗಿ ಚೆನ್ನಾಗಿ ಕಾಣುವುದು. ಈ ಒಂದು ಎಕ್ಸ್‌ರೇಗೆ ದುಡ್ಡು ದಂಡ ಅಂತ ಮೊದಲ ಸಲ ಬಿಟ್ಟಿದ್ದೆವು. ಐದನೇ ಮರಿ ಆದ ಮೇಲೆ ಕೆಂಚಿ ಒಂದೂವರೆ ಗಂಟೆ ಸುಮ್ಮನೆ ಮಲಗಿದಾಗ ಮುಗಿಯಿತಾ, ಇನ್ನೂ ಇದೆಯಾ ಅಂತ ತಿಳಿಯದೆ ಒದ್ದಾಡಿದ್ದು ನೆನೆದರೆ ಈಗಲೂ ಬೆವರು ಬರುತ್ತದೆ. ಒಳಗೆ ಎಷ್ಟಿವೆ ಅಂತ ಗೊತ್ತಿದ್ದರೆ ಅರ್ಧ ಗಾಬರಿ ಕಮ್ಮಿ. ಒಂದೇ ಮರಿ ಇದೆ ಅಂತ ಗೊತ್ತಾದರೂ ಅದು ಮುಖ್ಯ ಸುದ್ದಿ. ಒಂಟಿ ಮರಿ ದೊಡ್ಡದಾಗಿ ಬೆಳೆದಿರುತ್ತದೆ, ನೋವೂ ಸರಿಯಾಗಿ ಶುರುವಾಗದೆ ದಿನ ಮೀರುವುದುಂಟು.

ಊಟದ ವಿಷಯ

ಬಸುರಿ ಅಂತ ಗೊತ್ತಾದ ಕೂಡಲೇ ನಮ್ಮ ಮನೆಗಳಲ್ಲಿ ತಟ್ಟೆ ದೊಡ್ಡದಾಗುತ್ತದೆ. ಮೊದಲ ಐದಾರು ವಾರ ಅದರ ಅಗತ್ಯ ಇಲ್ಲ. ಕೊನೆಯ ಮೂರು ವಾರದಲ್ಲಿ ನಿಧಾನವಾಗಿ ಹೆಚ್ಚಿಸಿ, ಮಾಮೂಲಿಗಿಂತ ಕಾಲು ಭಾಗದಿಂದ ಅರ್ಧದಷ್ಟು ಜಾಸ್ತಿ ಸಾಕು. ಹೊಟ್ಟೆಯೊಳಗೆ ಮರಿಗಳೇ ಜಾಗ ಹಿಡಿದಿರುವುದರಿಂದ ಒಟ್ಟಿಗೆ ತಿನ್ನಲು ಆಗುವುದಿಲ್ಲ, ದಿನಕ್ಕೆ ಮೂರ್ನಾಲ್ಕು ಸಲ ಸ್ವಲ್ಪ ಸ್ವಲ್ಪ ಕೊಡಿ. ಅನ್ನ ಅಥವಾ ರಾಗಿ ಗಂಜಿಯ ಜೊತೆ ಮೊಟ್ಟೆ, ಬೇಯಿಸಿದ ಕೋಳಿ ಇರಲಿ. ಬರೀ ಹಾಲು-ಅನ್ನದಲ್ಲಿ ಮರಿ ಬೆಳೆಯುವುದಿಲ್ಲ. ಅಂಗಡಿಯ ಆಹಾರ ಹಾಕುವವರು ಈ ಹೊತ್ತಿನಲ್ಲಿ ಮರಿಗಳಿಗೆ ಕೊಡುವ ಪಪ್ಪಿ ಫುಡ್ಡನ್ನೇ ತಾಯಿಗೂ ಹಾಕಬಹುದು.

ಕ್ಯಾಲ್ಸಿಯಂ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮನೆಯಲ್ಲಿ ಹಸುವಿಗೆ ತಂದ ಕ್ಯಾಲ್ಸಿಯಂ ಬಾಟಲಿ ಇರುತ್ತದೆ, ನಾಯಿಗೂ ಎರಡು ಚಮಚ ಹಾಕೋಣ ಅನಿಸುತ್ತದೆ. ಹಾಕಬೇಡಿ. ಬಸುರಿಯಲ್ಲಿ ಹೊರಗಿನಿಂದ ಕ್ಯಾಲ್ಸಿಯಂ ಬರುತ್ತಲೇ ಇದ್ದರೆ, ಮೂಳೆಯಿಂದ ಅದನ್ನು ತೆಗೆದು ರಕ್ತಕ್ಕೆ ಕೊಡುವ ಕೆಲಸವನ್ನು ಮೈ ಮರೆಯುತ್ತದೆ. ಆಮೇಲೆ ಹಾಲು ಜೋರಾಗಿ ಇಳಿಯುವ ಹೊತ್ತಿಗೆ ರಕ್ತದಲ್ಲಿ ಕ್ಯಾಲ್ಸಿಯಂ ಸಾಲದೆ ನಾಯಿ ನಡುಗಿ ಬೀಳುತ್ತದೆ. ಒಳ್ಳೆಯದು ಮಾಡಲು ಹೋಗಿ ಕೆಟ್ಟದ್ದು ಆಗುವುದು ಅಂದರೆ ಇದೇ. ಡಾಕ್ಟರೇ ಬರೆದುಕೊಟ್ಟರೆ ಮಾತ್ರ ಕೊಡಿ.

ಜಾಗ

ಎರಡು ವಾರ ಮೊದಲೇ ಜಾಗ ಮಾಡಿ, ಅವಳನ್ನು ಅಲ್ಲಿ ಮಲಗಿಸಿ ರೂಢಿ ಮಾಡಿಸಿ. ಕೊನೆಯ ಹೊತ್ತಿನಲ್ಲಿ ಮಾಡಿದರೆ ಅವಳು ತನಗೆ ಬೇಕಾದಲ್ಲಿಗೇ ಹೋಗುತ್ತಾಳೆ. ಕೆಂಚಿ ಬಚ್ಚಲೊಲೆ ಆರಿಸಿಕೊಂಡದ್ದರಲ್ಲಿ ಅವಳ ತಪ್ಪೇನೂ ಇರಲಿಲ್ಲ. ಮಳೆಗಾಲದಲ್ಲಿ ಇಡೀ ಮನೆಯಲ್ಲಿ ಬೆಚ್ಚಗಿದ್ದದ್ದು ಅದೊಂದೇ ಮೂಲೆ.

ತಾಯಿ ನಾಲ್ಕೂ ಕಾಲು ಚಾಚಿ ಮಲಗಿ ತಿರುಗುವಷ್ಟು ದೊಡ್ಡ ಪೆಟ್ಟಿಗೆ ಬೇಕು. ಮೂರು ಕಡೆ ಎತ್ತರ, ಮುಂದೆ ತಾಯಿ ದಾಟುವಷ್ಟು, ಮರಿ ದಾಟದಷ್ಟು ತಗ್ಗು. ನಾವು ಅಡಿಕೆ ಮರದ ದಬ್ಬೆಯಲ್ಲಿ ಮಾಡಿದೆವು, ಸಿಬಿರು ಏಳದಂತೆ ಉಜ್ಜಿ. ಒಳಗೋಡೆಗೆ ನೆಲದಿಂದ ನಾಲ್ಕು ಇಂಚು ಮೇಲೆ, ನಾಲ್ಕು ಇಂಚು ಒಳಕ್ಕೆ ಬರುವಂತೆ ಸುತ್ತಲೂ ಒಂದು ದಬ್ಬೆ ಹೊಡೆದೆವು. ತಾಯಿ ಗೋಡೆಗೆ ಒರಗಿ ಮಲಗುವಾಗ ಬೆನ್ನ ಹಿಂದೆ ಸಿಕ್ಕಿಕೊಂಡ ಮರಿ ಅಪ್ಪಚ್ಚಿಯಾಗದೆ ಆ ಸಂದಿಯಲ್ಲಿ ಉಳಿಯುತ್ತದೆ. ಪೇಟೆಯಲ್ಲಿರುವವರು ಪಿವಿಸಿ ಪೈಪ್ ಹಾಕಬಹುದು. ನೋಡಲು ಏನೂ ಅನಿಸದ ಈ ಕಡ್ಡಿ ಮರಿಗಳ ಜೀವ ಉಳಿಸುತ್ತದೆ.

ಅಡಿಗೆ ದಪ್ಪಗೆ ಪೇಪರ್, ಮೇಲೆ ಹಳೇ ಕಾಟನ್ ಪಂಚೆ ಅಥವಾ ಬೆಡ್‌ಶೀಟ್. ಗೋಣಿಚೀಲ ಬೇಡ, ದಾರ ಎದ್ದು ಮರಿಯ ಕಾಲಿಗೆ ಸುತ್ತಿಕೊಳ್ಳುತ್ತದೆ. ದಪ್ಪ ಕೌದಿಯೂ ಬೇಡ, ಮಡಿಕೆಯಲ್ಲಿ ಮರಿ ಹೂತುಹೋಗುತ್ತದೆ. ನೆಲಕ್ಕೆ ಫಿನೈಲ್ ಹಾಕಿ ಒರೆಸುವ ಅಭ್ಯಾಸ ಇದ್ದರೆ ಈ ಎರಡು ತಿಂಗಳು ಬಿಡಿ, ಮರಿಗಳಿಗೆ ಅದು ವಿಷ. ಸೋಪು ನೀರಲ್ಲಿ ತೊಳೆದು ಒಣಗಿಸಿದರೆ ಸಾಕು.

ಇನ್ನು ಇರುವೆ. ಹುಟ್ಟಿದ ಮರಿಯ ಒದ್ದೆ ವಾಸನೆಗೆ ಕೆಂಪಿರುವೆ ಸಾಲುಗಟ್ಟಿ ಬರುತ್ತವೆ, ಕಣ್ಣು ಬಿಡದ ಮರಿ ಓಡಲಾರದು. ಪೆಟ್ಟಿಗೆಗೆ ನಾಲ್ಕು ಕಾಲು ಕೊಟ್ಟು, ಒಂದೊಂದು ಕಾಲಿನ ಕೆಳಗೂ ನೀರಿನ ಬಟ್ಟಲು ಇಡಿ, ನಮ್ಮ ಹಳೇ ಅಡುಗೆಮನೆ ಕಪಾಟಿಗೆ ಇಡುತ್ತಿದ್ದಂತೆ. ಇರುವೆ ಪುಡಿ, ಇರುವೆ ಸೀಮೆಸುಣ್ಣ ಪೆಟ್ಟಿಗೆಯ ಹತ್ತಿರವೂ ಬರಬಾರದು.

ಹತ್ತಿರ ಇರಬೇಕಾದ ಸಾಮಾನು

ಒಂದು ಬುಟ್ಟಿಯಲ್ಲಿ ಹಾಕಿ ಪೆಟ್ಟಿಗೆಯ ಪಕ್ಕ ಇಡಿ: ಡಿಜಿಟಲ್ ಥರ್ಮಾಮೀಟರ್, ಹಳೇ ಟವೆಲ್ ಅಥವಾ ಮೆತ್ತನೆ ಬಟ್ಟೆ ಒಂದು ಹದಿನೈದು, ಕುದಿಸಿ ಆರಿಸಿದ ಕತ್ತರಿ, ಗಟ್ಟಿ ಕಾಟನ್ ದಾರ, ಪೊವಿಡೋನ್ ಅಯೋಡಿನ್, ಮಗುವಿನ ಮೂಗಿನ ಸಿಂಬಳ ತೆಗೆಯುವ ರಬ್ಬರ್ ಬಲ್ಬ್, ಗ್ಲೌಸ್, ಅಡುಗೆಮನೆಯ ತೂಕದ ಯಂತ್ರ, ಬಣ್ಣ ಬಣ್ಣದ ಉಲನ್ ದಾರ, ಟಾರ್ಚ್, ಬಿಸಿನೀರು ತುಂಬಲು ಬಾಟಲಿಗಳು. ಒಂದು ನೋಟ್‌ಬುಕ್, ಪೆನ್ನು, ಗೋಡೆ ಗಡಿಯಾರ. ಮೊಬೈಲ್ ಗಡಿಯಾರ ನಂಬಬೇಡಿ, ಕೈ ಒದ್ದೆ ಇರುತ್ತದೆ, ಚಾರ್ಜೂ ಹೋಗುತ್ತದೆ.

ಡಾಕ್ಟರ ನಂಬರ್ ಗೋಡೆ ಮೇಲೆ ಬರೆದು ಅಂಟಿಸಿ. ಒಬ್ಬರದಲ್ಲ, ಇಬ್ಬರದು. ರಾತ್ರಿ ಹೊತ್ತು ಬರುತ್ತಾರಾ, ಇಲ್ಲ ನಾವೇ ಕರೆದುಕೊಂಡು ಹೋಗಬೇಕಾ, ಸಿಸೇರಿಯನ್ ಮಾಡುವ ಆಸ್ಪತ್ರೆ ಯಾವುದು, ಎಲ್ಲ ಹಗಲಿನಲ್ಲೇ ಕೇಳಿಟ್ಟುಕೊಳ್ಳಿ. ಪಶು ಸಂಚಾರಿ ಚಿಕಿತ್ಸಾ ವಾಹನಕ್ಕೆ 1962 ನಂಬರ್ ಇದೆ, ಅದನ್ನೂ ಬರೆದಿಡಿ. ನಟ್ಟಿರುಳಿಗೆ ಅದೊಂದನ್ನೇ ನೆಚ್ಚಿಕೊಂಡು ಕೂರಬೇಡಿ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್, ಗದಗದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಹತ್ತಿರದವರು ಅಲ್ಲಿಯೂ ಮೊದಲೇ ವಿಚಾರಿಸಿ. ಆಟೋನೋ ಜೀಪೋ ಇರುವ ಪಕ್ಕದ ಮನೆಯವರಿಗೂ ಒಂದು ಮಾತು ಹೇಳಿಡಿ.

ಥರ್ಮಾಮೀಟರ್ ಹೇಳುವ ಸುದ್ದಿ

ಇಲ್ಲಿ ಮೈ ಬಿಸಿಯನ್ನು ಫ್ಯಾರನ್‌ಹೀಟ್‌ನಲ್ಲೂ ಕೋಣೆಯ ಬಿಸಿಯನ್ನು ಸೆಲ್ಸಿಯಸ್‌ನಲ್ಲೂ ಹೇಳುತ್ತೇನೆ, ನಮ್ಮ ಡಾಕ್ಟರುಗಳ ಬಾಯಲ್ಲಿ ಹಾಗೇ ಬರುವುದು. ನಾಯಿಯ ಮಾಮೂಲಿ ಮೈ ಬಿಸಿ 100.5ರಿಂದ 102.5. ದಿನ ಹತ್ತಿರವಾದಂತೆ ಸ್ವಲ್ಪ ಇಳಿಯುತ್ತದೆ. ಒಂದು ದಿನ 99ಕ್ಕಿಂತ ಕೆಳಗೆ ಬಂತು ಅಂದರೆ ಸಾಮಾನ್ಯವಾಗಿ 24 ಗಂಟೆಯೊಳಗೆ ನೋವು ಶುರು.

57ನೇ ದಿನದಿಂದ ಬೆಳಿಗ್ಗೆ, ರಾತ್ರಿ ಎರಡು ಹೊತ್ತು ನೋಡಿ. ಥರ್ಮಾಮೀಟರ್ ತುದಿಗೆ ಕೊಬ್ಬರಿ ಎಣ್ಣೆ ಸವರಿ, ಬಾಲ ಎತ್ತಿ, ಗುದದೊಳಗೆ ಒಂದು ಇಂಚು. ಒಬ್ಬರು ತಲೆ ಸವರುತ್ತಿದ್ದರೆ ಅವಳೇನೂ ಅನ್ನುವುದಿಲ್ಲ. ಎರಡನೇ ಬಾಣಂತನದ ನಮ್ಮ ಪುಸ್ತಕದಲ್ಲಿ ಹೀಗಿದೆ: ಸೋಮವಾರ ರಾತ್ರಿ 100.4, ಮಂಗಳವಾರ ಬೆಳಿಗ್ಗೆ 100.1, ರಾತ್ರಿ 98.6. ಆ ಸಾಲಿನ ಪಕ್ಕದಲ್ಲಿ ಅಮ್ಮ ಪೆನ್ಸಿಲ್‌ನಲ್ಲಿ "ಹಂಡೆಗೆ ನೀರು ತುಂಬಿಸಿ" ಅಂತ ಬರೆದಿದ್ದಾಳೆ. ಮೊದಲ ಮರಿ ಬಂದದ್ದು ಬುಧವಾರ ಬೆಳಿಗ್ಗೆ.

ಬಿಸಿ ಇಳಿದು 24 ಗಂಟೆ ದಾಟಿದರೂ ನೋವಿನ ಸುಳಿವಿಲ್ಲ ಅಂದರೆ ಡಾಕ್ಟರಿಗೆ ಹೇಳಿ.

ನೋವು ಶುರು

ಮೊದಲ ಹಂತದಲ್ಲಿ ಹೊರಗೆ ಏನೂ ಬರುವುದಿಲ್ಲ. ಒಳಗೆ ಗರ್ಭದ ಬಾಯಿ ತೆರೆಯುತ್ತಿರುತ್ತದೆ. ಊಟ ಬಿಡುತ್ತಾಳೆ, ನಡುಗುತ್ತಾಳೆ, ಏದುಸಿರು ಬಿಡುತ್ತಾಳೆ, ಬಟ್ಟೆ ಕೆರೆದು ರಾಶಿ ಮಾಡುತ್ತಾಳೆ, ಎದ್ದು ಸುತ್ತಿ ಮತ್ತೆ ಮಲಗುತ್ತಾಳೆ. ಒಮ್ಮೆ ವಾಂತಿಯೂ ಆಗಬಹುದು. ಇದು 6ರಿಂದ 12 ಗಂಟೆ, ಚೊಚ್ಚಲಲ್ಲಿ 24ರವರೆಗೂ ಎಳೆಯುವುದುಂಟು.

ಈ ಹೊತ್ತಿಗೆ ಮನೆಯಲ್ಲಿ ಜಾತ್ರೆ ಸೇರಿಸಬೇಡಿ. ಮಕ್ಕಳಿಗೆ ನೋಡುವ ಆಸೆ ಇರುತ್ತದೆ, ಅಲ್ವಾ? ಒಂದು ಮರಿ ಆದ ಮೇಲೆ ಒಬ್ಬೊಬ್ಬರಾಗಿ ದೂರದಿಂದ ನೋಡಲಿ. ಗಾಬರಿಯಾದ ನಾಯಿ ನೋವನ್ನೇ ತಡೆಹಿಡಿಯುತ್ತದೆ. ಅವಳಿಗೆ ಅತಿ ಹತ್ತಿರದವರು ಒಬ್ಬರು ಇದ್ದರೆ ಸಾಕು. ದೀಪ ಸಣ್ಣಗಿರಲಿ, ಕುಡಿಯಲು ನೀರಿರಲಿ.

ಮೂತ್ರಕ್ಕೆ ಹೊರಗೆ ಬಿಡುವಾಗ ಹಗ್ಗ ಹಾಕಿ, ಟಾರ್ಚ್ ಹಿಡಿದು ನೀವೂ ಹೋಗಿ. ಇದನ್ನು ನಾನು ಕಲಿತದ್ದು ಮಳೆಯಲ್ಲಿ ನೆನೆದು. ಮೊದಲ ಸಲ ಎರಡನೇ ಮರಿಗೆ ಮುಂಚೆ ಕೆಂಚಿ ಬಾಗಿಲು ಕೆರೆದಳು, ಪಾಪ ಒಂದಕ್ಕೆ ಇರಬೇಕು ಅಂತ ಬಿಟ್ಟೆ. ಎರಡು ನಿಮಿಷಕ್ಕೆ ವಾಪಸ್ ಬಂದಳು. ಹೊಟ್ಟೆ ಸ್ವಲ್ಪ ಇಳಿದಂತೆ ಕಾಣಿಸಿತು, ಬಾಲದ ಕೆಳಗೆ ಹಸಿರು ನೀರು. ಎದೆ ಧಸಕ್ಕೆಂದಿತು. ಟಾರ್ಚ್ ಹಿಡಿದು ಓಡಿದರೆ ದಾಸವಾಳದ ಗಿಡದ ಬುಡದಲ್ಲಿ ಪೊರೆಯ ಸಮೇತ ಒಂದು ಕಪ್ಪು ಗಂಟು, ಮೇಲೆ ಹನಿ ಟಪಟಪ ಬೀಳುತ್ತಿದೆ. ಅಲ್ಲೇ ಉಗುರಿನಿಂದ ಪೊರೆ ಹರಿದು ಅಂಗಿಯೊಳಗೆ ಹಾಕಿಕೊಂಡೆ. ಅದು ಬದುಕಿತು. ಈಗ ಕೊಪ್ಪದಲ್ಲಿ ಒಂದು ಎಸ್ಟೇಟ್ ಕಾಯುತ್ತಿದೆ.

ಮರಿ ಬರುವಾಗ

ಎರಡನೇ ಹಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಹೊಟ್ಟೆ ಬಿಗಿಯುತ್ತದೆ, ಬಾಲ ಎತ್ತುತ್ತಾಳೆ, ತಿಣುಕುತ್ತಾಳೆ. ಮೊದಲ ಜೋರಾದ ತಿಣುಕು ಬಂದ ಹೊತ್ತನ್ನು ಪುಸ್ತಕದಲ್ಲಿ ಬರೆಯಿರಿ. ಮುಂದಿನ ಲೆಕ್ಕವೆಲ್ಲ ಇಲ್ಲಿಂದಲೇ. ಬೂದು ಬಣ್ಣದ ನೀರ ಚೀಲ ಬಲೂನಿನಂತೆ ಹೊರಗೆ ಇಣುಕುತ್ತದೆ. ಅದನ್ನು ಚುಚ್ಚಿ ಒಡೆಯಬೇಡಿ.

ತಲೆ ಮೊದಲು ಬಂದರೂ ಸರಿ, ಹಿಂಗಾಲು ಮೊದಲು ಬಂದರೂ ಸರಿ. ನಾಯಿಮರಿಗಳಲ್ಲಿ ಎರಡೂ ಮಾಮೂಲಿ. ಮರಿ ಬಿದ್ದ ಕೂಡಲೇ ತಾಯಿ ಪೊರೆ ಹರಿದು, ಬಳ್ಳಿ ಕಡಿದು, ನೆಕ್ಕಿ ನೆಕ್ಕಿ ಅಳಿಸುತ್ತಾಳೆ. ಅವಳು ಮಾಡುತ್ತಿದ್ದರೆ ನೀವು ಕೈ ಕಟ್ಟಿ ಕೂರಿ. ಚೊಚ್ಚಲ ತಾಯಿ ಕೆಲವೊಮ್ಮೆ ಏನು ಮಾಡಬೇಕೆಂದು ತಿಳಿಯದೆ ಬೆಪ್ಪಾಗಿ ನೋಡುತ್ತಾಳೆ. ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ ಕಾದು, ಪೊರೆ ಹಾಗೇ ಇದ್ದರೆ ನೀವು ಇಳಿಯಬೇಕು.

ಮೊದಲು ಮೂತಿಯ ಹತ್ತಿರ ಪೊರೆ ಹರಿದು ಹಿಂದಕ್ಕೆ ಸುಲಿಯಿರಿ. ಬಾಯಿ, ಮೂಗು ಬಟ್ಟೆಯಿಂದ ಒರೆಸಿ, ಬಲ್ಬಿನಿಂದ ನೀರು ಎಳೆಯಿರಿ. ತಲೆ ಸ್ವಲ್ಪ ತಗ್ಗಿಗೆ ಬರುವಂತೆ ಅಂಗೈಯಲ್ಲಿ ಹಿಡಿದು ಒಣ ಟವೆಲ್‌ನಿಂದ ಬೆನ್ನು, ಪಕ್ಕೆ ಉಜ್ಜಿ. ಮೃದುವಾಗಿ ಅಲ್ಲ, ತಾಯಿಯ ನಾಲಗೆಯಷ್ಟೇ ಒರಟಾಗಿ. ಅಳುವ ತನಕ, ನಾಲಗೆ ಗುಲಾಬಿ ಆಗುವ ತನಕ ಉಜ್ಜಿ. ಹತ್ತು ಹದಿನೈದು ನಿಮಿಷ ಉಜ್ಜಿದ ಮೇಲೆ ಉಸಿರು ಬಂದ ಮರಿಯನ್ನೂ ನೋಡಿದ್ದೇನೆ, ಬೇಗ ಕೈಬಿಡಬೇಡಿ. ಹಿಂಗಾಲು ಹಿಡಿದು ಗಿರಗಿರ ಬೀಸುವ ಹಳೇ ಪದ್ಧತಿ ಒಂದಿದೆ, ಅದು ಬೇಡವೇ ಬೇಡ. ಮರಿಯ ಮಿದುಳಿಗೆ ಪೆಟ್ಟಾಗುತ್ತದೆ.

ಬಳ್ಳಿಯನ್ನು ತಾಯಿ ಕಡಿಯದಿದ್ದರೆ ಮರಿಯ ಹೊಟ್ಟೆಯಿಂದ ಒಂದು ಇಂಚು ಬಿಟ್ಟು ದಾರದಿಂದ ಬಿಗಿಯಾಗಿ ಕಟ್ಟಿ. ಗಂಟಿನ ಆಚೆ ಕತ್ತರಿಸಿ. ಉಳಿದ ತುದಿಯನ್ನು ಅಯೋಡಿನ್‌ನಲ್ಲಿ ಅದ್ದಿ. ಬಳ್ಳಿಯನ್ನು ಮರಿಯ ಹೊಟ್ಟೆಯಿಂದ ಆಚೆಗೆ ಎಳೆಯಬಾರದು, ಹೊಕ್ಕುಳ ಹರಿಯುತ್ತದೆ. ಅರಿಶಿನ, ಬೂದಿ, ಸುಣ್ಣ ಯಾವುದೂ ಬೇಡ.

ಆಮೇಲೆ ಬಾಯಿ ತೆರೆದು ಅಂಗುಳ ಸೀಳಿದೆಯಾ ನೋಡಿ. ಸೀಳಿದ್ದರೆ ಹಾಲು ಮೂಗಿಗೆ ಹೋಗುತ್ತದೆ, ಡಾಕ್ಟರಿಗೆ ತೋರಿಸಬೇಕು. ತೂಕ ಮಾಡಿ, ಗಂಡೋ ಹೆಣ್ಣೋ ಬರೆದು, ಕೊರಳಿಗೆ ಸಡಿಲವಾಗಿ ಬಣ್ಣದ ಉಲನ್ ಕಟ್ಟಿ, ಮೊಲೆಗೆ ಬಿಡಿ. ಮರಿ ಚೀಪಿದಷ್ಟೂ ತಾಯಿಯ ನೋವೂ ಚುರುಕಾಗುತ್ತದೆ. ಆ ಉಲನ್ ದಾರವನ್ನು ದಿನಾ ನೋಡಿ ಸಡಿಲಿಸಲು ಮರೆಯಬೇಡಿ, ಮರಿ ಬೆಳೆಯುವ ವೇಗ ನಿಮಗೆ ಗೊತ್ತಿಲ್ಲ.

ಮಾಸು ಒಂದೊಂದು ಮರಿಯ ಹಿಂದೆ ಹತ್ತು ಹದಿನೈದು ನಿಮಿಷಕ್ಕೆ ಬೀಳುತ್ತದೆ. ಕೆಲವೊಮ್ಮೆ ಎರಡು ಮರಿ ಬಂದು ಎರಡು ಮಾಸು ಒಟ್ಟಿಗೆ ಬೀಳಬಹುದು. ಎಣಿಸಿ, ಪುಸ್ತಕದಲ್ಲಿ ಗೀಟು ಹಾಕಿ. ತಾಯಿ ಅದನ್ನು ತಿನ್ನುತ್ತಾಳೆ, ಅದು ಸಹಜ. ಒಂದೆರಡು ತಿನ್ನಲಿ, ಉಳಿದದ್ದನ್ನು ತೆಗೆಯಿರಿ. ಎಲ್ಲವನ್ನೂ ತಿಂದರೆ ಮಾರನೇ ದಿನ ಭೇದಿ.

ಮರಿ ಅರ್ಧ ಹೊರಗೆ ಬಂದು ಸಿಕ್ಕಿಕೊಂಡರೆ ಒಣ ಬಟ್ಟೆಯಲ್ಲಿ ಮರಿಯ ಮೈಯನ್ನು ಹಿಡಿಯಿರಿ, ಬರೀ ಕಾಲನ್ನಲ್ಲ, ಬರೀ ತಲೆಯನ್ನಲ್ಲ. ತಾಯಿ ತಿಣುಕಿದಾಗ ಮಾತ್ರ, ಅವಳ ಹಿಂಗಾಲ ಕಡೆಗೆ ಬಾಗಿಸಿ ನಿಧಾನವಾಗಿ ಎಳೆಯಿರಿ. ಅವಳು ನಿಲ್ಲಿಸಿದರೆ ನೀವೂ ನಿಲ್ಲಿಸಿ. ಒಂದೆರಡು ತಿಣುಕಿಗೂ ಬರಲಿಲ್ಲವೆಂದರೆ ಫೋನ್ ಎತ್ತಿ.

ಫೋನ್ ಯಾವಾಗ ಎತ್ತಬೇಕು

ಈ ಭಾಗವನ್ನು ಬೇಕಾದರೆ ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ.

– ಜೋರಾಗಿ ತಿಣುಕುತ್ತಾ ಅರ್ಧ ಗಂಟೆ ಆಯಿತು, ಮರಿ ಬರಲಿಲ್ಲ.
– ಬಿಟ್ಟು ಬಿಟ್ಟು ಸಣ್ಣಗೆ ತಿಣುಕುತ್ತಾ ಎರಡು ಗಂಟೆ ಆಯಿತು.
– ಒಳಗೆ ಇನ್ನೂ ಮರಿ ಇದೆ ಅಂತ ಗೊತ್ತು, ಹಿಂದಿನ ಮರಿ ಬಂದು ಎರಡು ಗಂಟೆ ದಾಟಿತು. ನಾಲ್ಕಾಗುವ ತನಕ ಕಾಯುವಂತಿಲ್ಲ.
– ಮೊದಲ ಮರಿ ಬರುವ ಮುಂಚೆಯೇ ಕಡುಹಸಿರು ನೀರು ಬಂತು, ಹಿಂದೆಯೇ ಮರಿ ಬರಲಿಲ್ಲ. ಮಾಸು ಬಿಟ್ಟುಕೊಂಡಿದೆ, ಒಳಗಿನ ಮರಿಗೆ ಉಸಿರಿಲ್ಲ ಅಂತ ಅರ್ಥ. ಮೊದಲ ಮರಿ ಆದ ಮೇಲೆ ಬರುವ ಹಸಿರು ಮಾಮೂಲಿ.
– ಧಾರೆಯಾಗಿ ಕೆಂಪು ರಕ್ತ, ಕೆಟ್ಟ ವಾಸನೆ, ಅಥವಾ ತಾಯಿ ಸುಸ್ತಾಗಿ ತಲೆ ಎತ್ತುತ್ತಿಲ್ಲ.

ಎರಡನೇ ಸಲ ಮೂರನೆಯ ಮರಿ 7 ಗಂಟೆ 5 ನಿಮಿಷಕ್ಕೆ ಬಂತು. ಎಕ್ಸ್‌ರೇಯಲ್ಲಿ ಆರು ಕಂಡಿತ್ತು. 9 ಗಂಟೆ 10ಕ್ಕೆ ಫೋನ್ ಮಾಡಿದೆ. ಡಾಕ್ಟರು ಕೇಳಿದ್ದು ನಾಲ್ಕೇ ಪ್ರಶ್ನೆ: ಕೊನೆಯದು ಎಷ್ಟು ಹೊತ್ತಿಗೆ ಬಂತು, ಈಗ ತಿಣುಕುತ್ತಿದ್ದಾಳಾ, ನೀರು ಯಾವ ಬಣ್ಣ, ಒಳಗೆ ಎಷ್ಟಿವೆ. ನಾಲ್ಕಕ್ಕೂ ಪುಸ್ತಕ ನೋಡಿ ಉತ್ತರ ಕೊಟ್ಟೆ. ಹಗ್ಗ ಹಾಕಿ ಅಂಗಳದಲ್ಲಿ ನಾಲ್ಕು ಸುತ್ತು ನಡೆಸಿ, ಅರ್ಧ ಗಂಟೆ ಬಿಟ್ಟು ಮತ್ತೆ ಹೇಳಿ, ಆಗದಿದ್ದರೆ ಗಾಡಿ ತೆಗೆಯಿರಿ ಅಂದರು. ಮೂರನೇ ಸುತ್ತಿಗೆ ಅವಳು ತಿರುಗಿ ಪೆಟ್ಟಿಗೆಯ ಕಡೆ ಎಳೆದಳು.

ಇನ್ನೊಂದು ಎಚ್ಚರಿಕೆ. ಹಸುವಿಗೆ ಹಾಲು ಇಳಿಸಲು ಕದ್ದು ಹಾಕುವ ಆಕ್ಸಿಟೋಸಿನ್ ಇಂಜೆಕ್ಷನ್ ಇದೆಯಲ್ಲ, "ಅದನ್ನೇ ಒಂದು ಹಾಕಿ, ಮರಿ ತಾನಾಗೇ ಬೀಳುತ್ತದೆ" ಅನ್ನುವವರು ಪ್ರತಿ ಊರಲ್ಲೂ ಒಬ್ಬರಿರುತ್ತಾರೆ. ಮರಿ ಅಡ್ಡ ಸಿಕ್ಕಿಕೊಂಡಿದ್ದರೆ ಆ ಇಂಜೆಕ್ಷನ್ನಿಗೆ ಗರ್ಭವೇ ಒಡೆಯಬಹುದು. ಡಾಕ್ಟರು ಪರೀಕ್ಷೆ ಮಾಡದೆ ಯಾರ ಕೈಯಿಂದಲೂ ಹಾಕಿಸಬೇಡಿ.

ಬಿಸಿ, ಬಿಸಿ, ಬಿಸಿ

ಮೊದಲ ಬಾಣಂತನದಲ್ಲಿ ಕೊನೆಗೆ ಹುಟ್ಟಿದ ಏಳನೇ ಮರಿ ಚಿಕ್ಕದು. ಉಳಿದವು ಮೊಲೆಗೆ ನುಗ್ಗುವಾಗ ಅದು ಮೂಲೆಗೆ ಬಿದ್ದಿತ್ತು. ಎತ್ತಿದರೆ ತಣ್ಣಗೆ, ಕಪ್ಪೆಯ ಹಾಗೆ. ಹಾಲು ಸಿಕ್ಕಿಲ್ಲ, ಅದಕ್ಕೇ ಹೀಗಾಗಿದೆ ಅಂದುಕೊಂಡು ಹಸುವಿನ ಹಾಲು ಬೆಚ್ಚಗೆ ಮಾಡಿ, ಇಂಕ್ ಫಿಲ್ಲರ್‌ನಲ್ಲಿ ತೊಟ್ಟು ತೊಟ್ಟಾಗಿ ಬಾಯಿಗೆ ಬಿಟ್ಟೆ. ಬೆಳಿಗ್ಗೆ ಸತ್ತಿತ್ತು. ಡಾಕ್ಟರು ಆಮೇಲೆ ಹೇಳಿದರು, ತಣ್ಣಗಾದ ಮರಿಯ ಕರುಳು ಕೆಲಸ ಮಾಡುವುದಿಲ್ಲ, ಹಾಲು ಒಳಗೇ ಕೊಳೆಯುತ್ತದೆ, ಇಲ್ಲವೇ ಶ್ವಾಸಕೋಶಕ್ಕೆ ಇಳಿಯುತ್ತದೆ. ಮೊದಲು ಬಿಸಿ, ಆಮೇಲೆ ಹಾಲು. ಹಸಿವಿನಿಂದ ಸಾಯುವ ಮೊದಲು ಅವು ಚಳಿಯಿಂದ ಸಾಯುತ್ತವೆ.

ಹುಟ್ಟಿದ ಮರಿಗೆ ಚಳಿಗೆ ನಡುಗಲೂ ಬರುವುದಿಲ್ಲ. ಮೊದಲ ವಾರ ಅದರ ಮೈ ಬಿಸಿ 95ರಿಂದ 97 ಅಷ್ಟೇ. ಹೊರಗಿನ ಬಿಸಿಯನ್ನೇ ನಂಬಿ ಬದುಕುತ್ತದೆ. ಮೊದಲ ವಾರ ಮರಿಗಳು ಮಲಗುವ ಜಾಗ 29ರಿಂದ 32 ಡಿಗ್ರಿ ಇರಬೇಕು, ಆಮೇಲೆ ವಾರ ವಾರಕ್ಕೆ ನಿಧಾನವಾಗಿ ಇಳಿಸುತ್ತಾ ಬನ್ನಿ. ಪೆಟ್ಟಿಗೆಯ ಒಂದು ತುದಿಗೆ ಮಾತ್ರ 60 ವ್ಯಾಟಿನ ಹಳೇ ಗಾಜಿನ ಬಲ್ಬ್, ಎರಡೂವರೆ ಮೂರು ಅಡಿ ಮೇಲೆ ಗಟ್ಟಿಯಾಗಿ ಕಟ್ಟಿ. ಎಲ್‌ಇಡಿ ಬಲ್ಬಿನಲ್ಲಿ ಬಿಸಿ ಇಲ್ಲ. ಇನ್ನೊಂದು ತುದಿ ತಂಪಾಗಿರಲಿ, ತಾಯಿಗೂ ಸೆಕೆಯಾದ ಮರಿಗೂ ಹೋಗಲು ಜಾಗ ಬೇಕು.

ಥರ್ಮಾಮೀಟರಿಗಿಂತ ಮರಿಗಳೇ ಚೆನ್ನಾಗಿ ಹೇಳುತ್ತವೆ. ಒಂದರ ಮೇಲೊಂದು ರಾಶಿ ಬಿದ್ದು ಕುಂಯ್‌ಗುಡುತ್ತಿದ್ದರೆ ಚಳಿ. ಚೆಲ್ಲಾಪಿಲ್ಲಿಯಾಗಿ ಬಾಯಿ ಬಿಟ್ಟುಕೊಂಡು ಒದ್ದಾಡುತ್ತಿದ್ದರೆ ಸೆಕೆ. ಪಕ್ಕ ಪಕ್ಕ ತಾಗಿಕೊಂಡು, ನಿದ್ದೆಯಲ್ಲಿ ಆಗಾಗ ಕಾಲು ಜಾಡಿಸುತ್ತಿದ್ದರೆ ಸರಿಯಾಗಿದೆ. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಇದೇ ಕೆಲಸ ತಲೆಕೆಳಗು. ಅಲ್ಲಿ ಬಲ್ಬ್ ಅಲ್ಲ, ಒದ್ದೆ ಗೋಣಿ ಕಟ್ಟಿದ ಕಿಟಕಿ ಬೇಕು.

ಕರೆಂಟ್ ಹೋದರೆ ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ, ಮರಿಗಳ ಪಕ್ಕ ಇಡಿ. ನಿಮ್ಮ ಮಣಿಕಟ್ಟಿಗೆ ಮುಟ್ಟಿಸಿ ನೋಡಿ, ಸುಡಬಾರದು. ತಣ್ಣಗಾದ ಬಾಟಲಿ ಅಲ್ಲೇ ಉಳಿದರೆ ಅದೇ ಮರಿಯ ಬಿಸಿ ಹೀರುತ್ತದೆ, ಹೊತ್ತು ಹೊತ್ತಿಗೆ ಬದಲಿಸಿ. ಮಲೆನಾಡಿನವರು ಕೆಂಡದ ಬಾಣಲೆ ಇಡುತ್ತಾರೆ. ಬಾಗಿಲು ಹಾಕಿದ ಕೋಣೆಯಲ್ಲಿ ಅದರ ವಿಷಗಾಳಿ ಮರಿಗೂ ನಿಮಗೂ ಒಳ್ಳೆಯದಲ್ಲ.

ತಣ್ಣಗಾದ ಮರಿ ಸಿಕ್ಕರೆ ಅಂಗಿಯೊಳಗೆ ಎದೆಗೆ ತಾಗಿಸಿಕೊಂಡು ಕೂರಿ. ಗಂಟೆ, ಎರಡು ಗಂಟೆ ತಗೊಂಡು ನಿಧಾನವಾಗಿ ಬೆಚ್ಚಗಾಗಲಿ. ಬೆರಳು ಬಾಯಿಗಿಟ್ಟು ನೋಡಿ. ಬಾಯಿ ತಣ್ಣಗಿದ್ದರೆ ಹಾಲು ಬೇಡ. ಬೆಚ್ಚಗಿದ್ದು ಬೆರಳು ಚೀಪಿದರೆ ಮೊಲೆಗೆ ಬಿಡಿ.

ಹಾಲು ಮತ್ತು ತೂಕ

ಗಿಣ್ಣು ಹಾಲು ಮೊದಲ ದಿನವೇ, ಆದಷ್ಟು ಮೊದಲ 12 ಗಂಟೆಯೊಳಗೆ ಹೊಟ್ಟೆಗೆ ಸೇರಬೇಕು. ಆಮೇಲೆ ಅದರ ರೋಗನಿರೋಧಕವನ್ನು ಕರುಳು ಹೀರುವುದಿಲ್ಲ. ಹಿಂದಿನ ಮೊಲೆಗಳಲ್ಲಿ ಹಾಲು ಜಾಸ್ತಿ, ಬಡಕಲು ಮರಿಗಳನ್ನು ಅಲ್ಲಿಗೆ ಹಿಡಿಯಿರಿ.

ಮೊದಲ ಎರಡು ವಾರ ದಿನಾ ಒಂದೇ ಹೊತ್ತಿಗೆ ತೂಕ ಮಾಡಿ ಬರೆಯಿರಿ. ಮೊದಲ ದಿನ ಸ್ವಲ್ಪ ಇಳಿದರೂ ಆಮೇಲೆ ಪ್ರತಿದಿನ ಏರಲೇಬೇಕು. ಏಳರಿಂದ ಹತ್ತು ದಿನಕ್ಕೆ ಹುಟ್ಟಿದ ತೂಕದ ಎರಡರಷ್ಟು ಆಗಬೇಕು. ಕೆಂಪು ದಾರದ್ದು ಹುಟ್ಟಿದಾಗ 260 ಗ್ರಾಂ, ಎರಡನೇ ದಿನ 255, ಮೂರನೇ ದಿನವೂ 255. ಕಣ್ಣಿಗೆ ಎಲ್ಲ ಒಂದೇ ಥರ ಕಂಡವು, ಯಂತ್ರ ಮಾತ್ರ ಸುಳ್ಳು ಹೇಳಲಿಲ್ಲ. ಎರಡು ದಿನ ಅದನ್ನು ಮೊದಲು ಮೊಲೆಗೆ ಹಿಡಿದು, ಉಳಿದವನ್ನು ಆಮೇಲೆ ಬಿಟ್ಟೆವು. ಐದನೇ ದಿನ 300.

ತಾಯಿಗೆ ಹಾಲು ಸಾಲದಿದ್ದರೆ ಅಂಗಡಿಯಲ್ಲಿ ಸಿಗುವ ನಾಯಿಮರಿ ಹಾಲಿನ ಪುಡಿ ತನ್ನಿ. ಹಸುವಿನ ಹಾಲಿನಲ್ಲಿ ಕೊಬ್ಬು, ಪ್ರೋಟೀನ್ ಕಮ್ಮಿ, ಲ್ಯಾಕ್ಟೋಸ್ ಜಾಸ್ತಿ, ಮರಿಗೆ ಭೇದಿಯಾಗುತ್ತದೆ. ಮನುಷ್ಯರ ಮಗುವಿನಂತೆ ಅಂಗಾತ ಮಲಗಿಸಿ ಕುಡಿಸಬೇಡಿ. ಹೊಟ್ಟೆ ಕೆಳಗಾಗಿ, ತಾಯಿಯ ಮೊಲೆ ಕುಡಿಯುವ ಭಂಗಿಯಲ್ಲೇ ಕುಡಿಸಿ. ಆಮೇಲೆ ಬೆಚ್ಚಗಿನ ಒದ್ದೆ ಹತ್ತಿಯಿಂದ ಬಾಲದ ಕೆಳಗೆ ಸವರಬೇಕು. ತಾಯಿ ನೆಕ್ಕದಿದ್ದರೆ ಆ ವಯಸ್ಸಿನ ಮರಿಗೆ ಒಂದು, ಎರಡು ಎರಡೂ ಬರುವುದಿಲ್ಲ.

ಬಾಣಂತಿ

ಕೊನೆಯ ಮರಿ ಆದ ಮೇಲೆ ಹಿಂಭಾಗ ಬೆಚ್ಚಗಿನ ನೀರಲ್ಲಿ ಒರೆಸಿ, ಬಟ್ಟೆ ಬದಲಿಸಿ. ಸ್ನಾನ ಬೇಡ. ಗಂಜಿ, ಮೊಸರನ್ನ, ಮೊಟ್ಟೆ ಕೊಡಿ. ನಮ್ಮ ಬಾಣಂತಿಯರಿಗೆ ಮಾಡುವ ಬೆಳ್ಳುಳ್ಳಿ, ಒಣದ್ರಾಕ್ಷಿ ಹಾಕಿದ ಲೇಹ, ಸಾರು ಅವಳಿಗೆ ಕೊಡಬೇಡಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ ಮೂರೂ ನಾಯಿಗೆ ವಿಷ. ನಮ್ಮಜ್ಜಿಗೆ ಇದನ್ನು ಒಪ್ಪಿಸಲು ಡಾಕ್ಟರ ಕೈಯಿಂದಲೇ ಫೋನ್ ಮಾಡಿಸಬೇಕಾಯಿತು. ಮೂರನೇ ವಾರದ ಹೊತ್ತಿಗೆ ಹಾಲು ಜೋರು, ಆಗ ಮಾಮೂಲಿಗಿಂತ ಎರಡು ಮೂರು ಪಟ್ಟು ತಿನ್ನುತ್ತಾಳೆ. ಕೇಳಿದಷ್ಟು ಹಾಕಿ.

ಮರುದಿನ ಒಮ್ಮೆ ಡಾಕ್ಟರಿಗೆ ತೋರಿಸಿದರೆ ಒಳಗೆ ಏನಾದರೂ ಉಳಿದಿದೆಯಾ ಗೊತ್ತಾಗುತ್ತದೆ. ಮೊದಲು ಹಸಿರು ಕಪ್ಪು, ಆಮೇಲೆ ಕಂದುಗೆಂಪು ನೀರು ಕೆಲವು ವಾರ ಹೋಗುತ್ತದೆ, ದಿನೇ ದಿನೇ ಕಮ್ಮಿಯಾಗಬೇಕು. ವಾಸನೆ ಬಂದರೆ, ಮೈ ಬಿಸಿ 103 ದಾಟಿದರೆ ಒಳಗೆ ನಂಜಾಗಿದೆ. ಮೊಲೆಗಳನ್ನು ದಿನಾ ಮುಟ್ಟಿ ನೋಡಿ. ಒಂದು ಮೊಲೆ ಕಲ್ಲಿನಂತೆ ಗಟ್ಟಿ, ಕೆಂಪು, ಮುಟ್ಟಿದರೆ ಕೂಗುತ್ತಾಳೆ ಅಂದರೆ ಬಾವು.

ಎಲ್ಲಕ್ಕಿಂತ ಅಪಾಯದ್ದು ಮೊದಲು ಹೇಳಿದ ಕ್ಯಾಲ್ಸಿಯಂ ಕೊರತೆ. ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರದ ನಡುವೆ, ಸಣ್ಣ ಜಾತಿಗಳಲ್ಲಿ ಜಾಸ್ತಿ. ಚಡಪಡಿಕೆ, ಸುಮ್ಮನೆ ಏದುಸಿರು, ಕಾಲು ಸೆಟೆದು ಕೋಲಿನ ಮೇಲೆ ನಡೆದಂತೆ ನಡಿಗೆ, ನಡುಕ, ಆಮೇಲೆ ಫಿಟ್ಸ್. ನಡುಕ ಕಂಡ ಕೂಡಲೇ ಮರಿಗಳನ್ನು ಬಿಡಿಸಿ ಆಸ್ಪತ್ರೆಗೆ ಓಡಿ, ಬೆಳಗಾಗಲಿ ಅನ್ನಬೇಡಿ. ನಿಧಾನವಾಗಿ ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಬೇಗ ಸುಧಾರಿಸುತ್ತಾಳೆ. ಮನೆಯಲ್ಲಿ ಮಾಡುವ ಕೆಲಸ ಅದಲ್ಲ.

ಮುಂದಿನ ಎಂಟು ವಾರ

10ರಿಂದ 14 ದಿನಕ್ಕೆ ಕಣ್ಣು ಬಿಡುತ್ತವೆ, ಅದಾಗಿ ಕೆಲವೇ ದಿನಕ್ಕೆ ಕಿವಿ. ಮರಿಗಳ ಉಗುರಿನ ತುದಿ ವಾರಕ್ಕೊಮ್ಮೆ ಕತ್ತರಿಸಿ, ತಾಯಿಯ ಮೊಲೆ ಗೀರಿಹೋಗುತ್ತದೆ. ಜಂತುಹುಳದ ಔಷಧ ಎರಡನೇ ವಾರಕ್ಕೆ ಶುರು, ತೂಕ ಹೇಳಿ ಡಾಕ್ಟರ ಹತ್ತಿರ ಪ್ರಮಾಣ ಬರೆಸಿಕೊಳ್ಳಿ. ಮೂರೂವರೆ ವಾರಕ್ಕೆ ಅಗಲ ತಟ್ಟೆಯಲ್ಲಿ ತೆಳು ಗಂಜಿಯಂಥದ್ದು ಇಡಿ. ಮೊದಲ ದಿನ ಅದರೊಳಗೆ ನಡೆದಾಡಿ ಒಬ್ಬರನ್ನೊಬ್ಬರು ನೆಕ್ಕುತ್ತವೆ, ತಿನ್ನುವುದು ಆಮೇಲೆ. ಲಸಿಕೆ ಆರರಿಂದ ಎಂಟು ವಾರಕ್ಕೆ ಶುರು, ರೇಬಿಸ್ ಲಸಿಕೆ ಮೂರು ತಿಂಗಳಿಗೆ. ಲಸಿಕೆ ಆಗುವ ತನಕ ಬೀದಿಯಲ್ಲಿ ಬಿಡಬೇಡಿ, ಬೇರೆ ನಾಯಿ ಸಾಕಿದವರು ಬಂದರೆ ಕೈಕಾಲು ತೊಳೆದು ಒಳಗೆ ಬರಲಿ. ಪಾರ್ವೊ ಅನ್ನುವ ವಾಂತಿಭೇದಿಯ ವೈರಸ್ ಚಪ್ಪಲಿಯಲ್ಲೂ ಬರುತ್ತದೆ.

ಮರಿ ಕೇಳುವವರು ಕಣ್ಣು ಬಿಡುವ ಮೊದಲೇ ಬರುತ್ತಾರೆ. "ಒಂದು ತಿಂಗಳಿಗೇ ಕೊಡಿ, ಚಿಕ್ಕದರಲ್ಲೇ ಹೊಂದಿಕೊಳ್ಳುತ್ತೆ" ಅನ್ನುತ್ತಾರೆ. ಎಂಟು ವಾರಕ್ಕೆ ಮುಂಚೆ ಕೊಡಬೇಡಿ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಅನ್ನುವುದನ್ನು ಅವು ತಾಯಿ, ಒಡಹುಟ್ಟಿದವುಗಳ ಹತ್ತಿರ ಕಲಿಯುವುದು ಈ ಕೊನೆಯ ವಾರಗಳಲ್ಲೇ. ನಾಯಿ ಸಾಕಣೆ, ಮಾರಾಟಕ್ಕೆಂದು 2017ರಲ್ಲಿ ಬಂದ ಕೇಂದ್ರದ ನಿಯಮವೂ ಎಂಟು ವಾರದೊಳಗಿನ ಮರಿ ಮಾರಬಾರದು ಅನ್ನುತ್ತದೆ. ಹೆಣ್ಣು ಮರಿ ಯಾರಿಗೂ ಬೇಡ, ಅದನ್ನು ಮೊದಲೇ ಯೋಚಿಸಿಡಿ. ನಮ್ಮ ಕೆಂಪು ದಾರದ್ದು ಹೆಣ್ಣು, ಇಲ್ಲೇ ಉಳಿಯಿತು.

ಹಾಲು ಪೂರ್ತಿ ಬತ್ತಿದ ಮೇಲೆ ತಾಯಿಗೆ ಸಂತಾನಹರಣ ಆಪರೇಷನ್ ಮಾಡಿಸಬಹುದು, ದಿನವನ್ನು ಡಾಕ್ಟರೇ ನೋಡಿ ಹೇಳುತ್ತಾರೆ. ತಡ ಮಾಡಿದರೆ ಆರೇಳು ತಿಂಗಳಿಗೆ ಮತ್ತೆ ಬೆದೆಗೆ ಬರುತ್ತಾಳೆ, ಬೇಲಿಯ ಹೊರಗೆ ಮತ್ತೆ ಸಾಲು ನಿಲ್ಲುತ್ತದೆ. ಕೆಂಚಿಗೆ ಎರಡನೇ ಬಾಣಂತನ ಮುಗಿದು ಎರಡು ತಿಂಗಳಿಗೆ ಮಾಡಿಸಿದೆವು. ಮನೆಗೆ ಬಂದ ಸಂಜೆ, ಅರಿವಳಿಕೆಯ ಮತ್ತು ಇಳಿದ ಮೇಲೆ, ಅವಳ ಮುಂದೆ ಒಂದು ಒಣಮೀನು ಇಟ್ಟೆ. ತಲೆಯಿಂದ ಬಾಲದವರೆಗೆ ತಿಂದು ತಟ್ಟೆ ನೆಕ್ಕಿದಳು.